ಭವಿಷ್ಯ ನಿಲ್ಲಿಸಿದ ಮಾಸ್ತರರು

ಮಾಸ್ತರ್: ಸೋತ ನೀಲಾ, ಆ ಸಂಪಾದಕ ಸೋತ! ಪೇಪರಲ್ಲಿ ಇವತ್ತೂ ರಾಶಿಭವಿಷ್ಯ ಇಲ್ಲ. ಕಂಡ್ಯಾ ನನ್ನ ಪೆನ್ನಿನ ತಾಕತ್ತು?

ನೀಲಾ: ಪೆನ್ನಿಂದೇ ತಾಕತ್ತು ಅಂತ ಎಂತಕ್ಕೆ ಹೇಳ್ತ್ರಿ? ಬೇರೆ ಕಾರಣ ಇರೂಕಿಲ್ವಾ?

ಮಾಸ್ತರ್: ಬೇರೆ ಎಂತ ಕಾರಣ? ‘ರಾಶಿಭವಿಷ್ಯ ಬರೆಯುವವರು ಸಮಾಜದ ಗೆದ್ದಲು’ ಅಂತ ಸಾಫಾಗಿ ಬರ್ದೆ. ನೀನೇ ಟೈಪ್ ಮಾಡಿದ್ದಲ್ದಾ?

ನೀಲಾ: ಹೌದು. ಗೆದ್ದಲು ಅಂತ ನನ್ನ ಬೆರಳಲ್ಲೇ ಒತ್ತಿದೆ.

ಹಬ್ಬುವಾಡದ ಪುಂಡಲೀಕ ಮಾಸ್ತರರು ನಿವೃತ್ತರಾದ ಮೇಲೆ ಸಮಾಜವನ್ನು ತಿದ್ದಲು ಕೂತವರು. ಶಾಲೆಯ ಮಕ್ಕಳು ಗಂಟೆ ಹೊಡೆಯುವವರೆಗಾದರೂ ಕೂತು ಕೇಳುತ್ತಿದ್ದವು, ಸಮಾಜಕ್ಕೆ ಅಂಥ ದಾಕ್ಷಿಣ್ಯವೇನೂ ಇಲ್ಲ. ‘ನಿಷ್ಠುರ ನುಡಿ’ ಎಂಬ ಅವರ ಪ್ರಗತಿಪರ ಅಂಕಣ ಕಾರವಾರ, ಅಂಕೋಲೆಯ ಸಣ್ಣ ಪತ್ರಿಕೆಗಳಿಗೆಲ್ಲ ಪುಕ್ಕಟೆ ಹೋಗುತ್ತಿತ್ತು. ಪುಕ್ಕಟೆ ಕೊಟ್ಟರೂ ಒಂದೊಂದೇ ಪತ್ರಿಕೆ ‘ಜಾಗದ ಅಭಾವ’ ಎಂದು ಕೈಮುಗಿದು, ಈಗ ಉಳಿದದ್ದು ಅಂಕೋಲೆಯ ‘ಕಡಲಕಿವಿ’ ಒಂದೇ. ಮಾಸ್ತರರು ಕಾಗದದ ಮೇಲೆ ಬರೆಯುತ್ತಾರೆ, ಹೆಂಡತಿ ನೀಲಾ ತನ್ನ ಮೊಬೈಲಿನಲ್ಲಿ ಟೈಪು ಮಾಡಿ ಕಳಿಸುತ್ತಾಳೆ. ಅವರಿಗೆ ಮೊಬೈಲೆಂದರೆ ಮೊದಲಿಂದಲೂ ಅಲರ್ಜಿ.

ಚಹಾ ಮುಗಿಸಿದ ಮಾಸ್ತರರು ತಮ್ಮ ಲೋಟವನ್ನು ತಾವೇ ತೊಳೆಯಲು ಎದ್ದರು. ಇದು ತಿಂಗಳಿಂದೀಚಿನ ಹೊಸ ಅಭ್ಯಾಸ. ಕೇಳಿದರೆ ‘ತತ್ವ’ ಎನ್ನುತ್ತಾರೆ. ಅಷ್ಟರಲ್ಲಿ ಅಂಗಳದಲ್ಲಿ ಬೈಕು ನಿಂತಿತು. ಬಂದವನು ಮಾಸ್ತರರ ಹಳೆಯ ವಿದ್ಯಾರ್ಥಿ, ‘ಕಡಲಕಿವಿ’ಯ ಸಂಪಾದಕ ಸಂದೀಪ.

ಮಾಸ್ತರ್: ಬಾ ಬಾ. ಬರ್ತೀಯಾ ಅಂತ ಗೊತ್ತಿತ್ತು.

ಸಂದೀಪ: ತಪ್ಪಾಯ್ತು ಅನ್ನೂಕೇ ಬಂದೆ ಸರ್. ನಿಮ್ಮನೆ ಬರಹ ಇಲ್ದೇ ನನ್ನ ಪೇಪರಿಗೆ ಜೀವನೇ ಇಲ್ಲ. ಜನ ಫೋನ್ ಮಾಡಿ ಮಾಡಿ ಬೈತಿದ್ರು.

ಮಾಸ್ತರ್: ಕೇಳ್ದ್ಯಾ ನೀಲಾ? ಈ ವಾರ ಒಂದು ಅಂಕಣ ತಡ ಆದದ್ದಕ್ಕೇ ಇಷ್ಟು!

ಸಂದೀಪ: ಮೀನು ಮಾರೂ ದುರ್ಗಿ, ಯಾರ ಕೈಲಾದ್ರೂ ಅದನ್ನ ಓದಿಸ್ಕಂಡೇ ಬುಟ್ಟಿ ಎತ್ತೂದಂತೆ.

ಮಾಸ್ತರ್: ದುರ್ಗಿ! ಅಯ್ಯೋ, ನಾನು ಬರೆಯೂದೇ ಅಂಥವರಿಗಾಗಿ ಮಾರಾಯಾ.

ನೀಲಾ ಒಳಗೆ ಹೋಗಿ ಮತ್ತೊಂದು ಲೋಟ ಚಹಾ ತಂದಳು.

ಸಂದೀಪ: ಅವರ್ಸಾ ಊರಲ್ಲಿ ಗಂಡಿನ ಅಪ್ಪ ವರದಕ್ಷಿಣೆನೇ ಬೇಡ ಅಂದ್ಬಿಟ್ಟ. ಎಲ್ಲಾ ನಿಮ್ಮನೆ ಬರಹ ಓದಿ!

ಮಾಸ್ತರ್: ವರದಕ್ಷಿಣೆ ಮೇಲೆ ಕಂತಿನ ಮೇಲೆ ಕಂತು ಬರ್ದಿದ್ದೆ. ಯಾವ ಕಂತು ತಟ್ಟಿತು?

ಸಂದೀಪ: ಕಂತಲ್ಲ ಸರ್, ಕನ್ಯಾ ರಾಶಿ. ‘ಬೀಗರ ಮುಂದೆ ಕೈಯೊಡ್ಡಿದವರಿಗೆ ಏಳೂವರೆ ಶನಿ ತಪ್ಪಿದ್ದಲ್ಲ.’ ಅಕ್ಕೋರು ಬರ್ದದ್ದು.

ಮಾಸ್ತರರು ಅಕ್ಕೋರನ್ನು, ಅಂದರೆ ನೀಲಾಳನ್ನು, ನೋಡಿದರು. ಅಕ್ಕೋರು ಸೆರಗಿನ ತುದಿಯಿಂದ ಕನ್ನಡಕ ಒರೆಸುತ್ತಿದ್ದರು.

ಸಂದೀಪ: ನಮ್ಮ ಜ್ಯೋತಿಷಿಗಳು ಟೀವಿ ಸೇರ್ಕಂಡ್ರು. ಬೇರೆ ಯಾರಾದ್ರೂ ಸಿಗ್ತಾರಾ ಅಂತ ನಿಮ್ಮ ಅಂಕಣ ಬರೂ ನಂಬರಿಗೇ ಮೆಸೇಜ್ ಹಾಕ್ದೆ. ‘ನಾನೇ ಬರೀತೇನೆ’ ಅಂತ ಉತ್ತರ ಬಂತು. ನಿಮಗೆ ಗೊತ್ತಿಲ್ವಾ?

ಮಾಸ್ತರ್: ನೀಲಾ! ನನ್ನ ಮನೇಲೇ ಮೂಢನಂಬಿಕೆ! ದೀಪದ ಬುಡದಲ್ಲೇ ಕತ್ತಲೆ!

ನೀಲಾ: ದೀಪ ಯಾವ್ದು ಅಂತ ಮೊದ್ಲು ತೀರ್ಮಾನ ಆಗ್ಲಿ. ನಾ ಬರ್ದದ್ದೂ ನಿಮ್ಮ ಲೇಖನನೇ. ಅಷ್ಟುದ್ದ ಅಂಕಣ ಹಿಂಡಿದ್ರೆ ಒಂದು ಸಾಲು ಬರ್ತದೆ. ಆ ಸಾಲಿಗೊಂದು ಗ್ರಹ ಕಟ್ಟಿ ಬಿಟ್ಟೆ.

ಸಂದೀಪ: ‘ಮೀನ: ದೂರ ಇಟ್ಟವರ ಮನೆಯಲ್ಲಿ ಚಹಾ ಕುಡಿದರೆ ಕಾರ್ಯಸಿದ್ಧಿ’ ಅಂತ ಬಂದ ದಿನ ನಮ್ಮೂರ ದೊಡ್ಡಮನೆ ಯಜಮಾನ್ರು ಊರ ಹೊರಗಿನ ಕೇರಿಯ ಜಟ್ಟು ಮನೆಗೆ ಹೋಗಿ ಕೂತ್ರು. ಜಟ್ಟು ಗಾಬರಿಯಲ್ಲಿ ಸಕ್ಕರೆ ಹಾಕೂದೇ ಮರ್ತ. ಯಜಮಾನ್ರು ಹಾಂಗೇ ಕುಡಿದ್ರು!

ಮಾಸ್ತರ್: ಅದು ಅರಿವಿನಿಂದ ಆದದ್ದಲ್ಲ. ಹೆದರಿಕೆಯಿಂದ!

ನೀಲಾ: ಇಷ್ಟು ವರ್ಷ ಕುಡೀದೇ ಇದ್ದದ್ದೂ ಹೆದರಿಕೆಯಿಂದ್ಲೇ ಅಲ್ದಾ? ಹೆದರಿಕೆ ಅದೇ. ನಾನು ಅದರ ಮುಖ ಈಚೆ ತಿರುಗಿಸ್ದೆ.

ಮಾಸ್ತರರಿಗೆ ಕೋಪ ಬಂತು. ಆದರೂ ಮುಖ್ಯವಾದದ್ದನ್ನು ಕೇಳದೆ ಇರಲಾಗಲಿಲ್ಲ.

ಮಾಸ್ತರ್: ನನ್ನ ಅಂಕಣದ ಬಗ್ಗೆ ಜನ ಎಂತ ಹೇಳ್ತಾರೆ?

ಸಂದೀಪ ಮೇಲಿನ ಫ್ಯಾನು ನೋಡಿದ.

ಸಂದೀಪ: ಹೋದ ತಿಂಗಳು ಗಡಿಬಿಡಿಯಲ್ಲಿ ಹಳೇ ಅಂಕಣನೇ ಮತ್ತೊಂದ್ಸಲ ಹಾಕ್ಬಿಟ್ಟೆ ಸರ್. ಯಾರೂ ಎಂತದೂ ಹೇಳ್ಲಿಲ್ಲ.

ಮಾಸ್ತರ್: ಹೌದಾ? ನಾನೂ ನೋಡ್ಲಿಲ್ಲ!

ಅಂದ ಮೇಲೆ ನಾಲಗೆ ಕಚ್ಚಿಕೊಂಡರು.

ಸಂದೀಪ: ಗೆದ್ದಲಿನ ಅಂಕಣ ಬಂದ ಮೇಲೆ ಅಕ್ಕೋರು ರಾಶಿ ಕಳಿಸೂದೇ ನಿಲ್ಲಿಸಿದ್ರು. ರಾಶಿ ಬರದಿದ್ರೆ ಪೇಪರ್ ಮುಚ್ಚೂದೇ ಸರ್. ಆಮೇಲೆ ‘ನಿಷ್ಠುರ ನುಡಿ’ ಎಲ್ಲಿ ಹಾಕೂದು? ನೀವೇ ಅಕ್ಕೋರಿಗೆ ಒಂದು ಮಾತು ಹೇಳಿ.

ನೀಲಾ: ಗೆದ್ದಲು ಅಂದದ್ದು ವಾಪಸ್ ತಕಂಡ್ರೆ ಬರೀತೆ. ಇಲ್ದಿದ್ರೆ ಇಲ್ಲ.

ಮಾಸ್ತರ್: ಅದು ಆಗೂದಿಲ್ಲ. ತತ್ವದ ಪ್ರಶ್ನೆ!

ನೀಲಾ: ತತ್ವನಾ? ‘ತುಲಾ: ಕುಡಿದ ಲೋಟ ತಾವೇ ತೊಳೆದರೆ ಮಂಡಿನೋವು ಇಳಿಯುವುದು’ ಅಂತ ಹೋದ ತಿಂಗಳು ಬರ್ದೆ. ಅವತ್ತಿಂದ ಈ ಮನೇಲಿ ಲೋಟ ತೊಳೀತಾ ಇದ್ದವ್ರು ಯಾರು? ಅವ್ರ ರಾಶಿ ಯಾವ್ದು?

ಸಂದೀಪ ಬಗ್ಗಿ, ಇಲ್ಲದ ಚಪ್ಪಲಿಯ ಬಾರು ಸರಿಮಾಡತೊಡಗಿದ. ಮಾಸ್ತರರ ಕಿವಿ ಕೆಂಪಾಯಿತು. ಮೂವತ್ತು ವರ್ಷ ಮಕ್ಕಳ ಕಾಪಿ ಹಿಡಿದವರು ಅವರು, ಸ್ವತಃ ಸಿಕ್ಕಿಬಿದ್ದದ್ದು ಇದೇ ಮೊದಲು.

ಮಾಸ್ತರ್: ಆಯ್ತು. ಗೆದ್ದಲು ವಾಪಸ್.

ಸಂದೀಪ ಕೈಮುಗಿದು, ಮಾಸ್ತರರ ಮನಸ್ಸು ತಿರುಗುವ ಮೊದಲೇ ಬೈಕು ಹತ್ತಿದ. ನೀಲಾ ಅಲ್ಲೇ ಕೂತು ಮೊಬೈಲಿನಲ್ಲಿ ಮೇಷದಿಂದ ಶುರುಮಾಡಿದಳು. ಮಾಸ್ತರರು ಸ್ವಲ್ಪ ಹೊತ್ತು ಕಿಟಕಿಯ ಹತ್ತಿರ ನಿಂತು, ಕೆಮ್ಮಿ, ಮೆಲ್ಲಗೆ ಹತ್ತಿರ ಬಂದರು.

ಮಾಸ್ತರ್: ಮಂಡಿನೋವು ಇಳಿದದ್ದು ಮಾತ್ರ ಖರೆ ಕಣೇ. ಅಲ್ಲ… ನಾಳೆ ತುಲಾಕ್ಕೆ ಎಂತ ಬರೀತಿ?

ನೀಲಾ ತಲೆ ಎತ್ತಲಿಲ್ಲ.

ನೀಲಾ: ಲೋಟ ಆಯ್ತಲ್ಲ. ನಾಳೆಯಿಂದ ಪಾತ್ರೆ.