ಕಿಟಕಿ ನೆರಳಿನ ಪಂಚಾಯ್ತಿ

ಕಷ್ಟ ಬಂದ ಮನೆಯಲ್ಲಿ ನಗಬಾರದು ಅಂತ ಜನ ಅಂದ್ಕೊಂಡಿದ್ದಾರೆ. ನಮ್ಮೆಜಮಾನ್ರು ಸೊಂಟ ಮುರ್ಕೊಂಡು ಮಲಗಿದ ಮೇಲೆ ನಮ್ಮನೇಲಿ ನಡೆದಷ್ಟು ನಗೋ ವಿಷಯ, ಅವರು ನೆಟ್ಟಗೆ ಓಡಾಡ್ಕೊಂಡಿದ್ದಾಗ ನಡೀಲಿಲ್ಲ. ನಾನೇನೂ ಹುಡುಕ್ಕೊಂಡು ಹೋಗಿದ್ದಲ್ಲ. ಸೆರಗಲ್ಲಿ ಕಣ್ಣೊರೆಸ್ಕೊಳ್ತಾ ಇರೋವಾಗಲೇ ಯಾರಾದ್ರೂ ಬಂದು ಏನಾದ್ರೂ ಅಂದ್ಬಿಡ್ತಾರೆ, ನಾನೇನು ಮಾಡ್ಲಿ.

ನಮ್ಮದು ದೊಡ್ಡಬಳ್ಳಾಪುರ. ಕೆಲಸ ಶೇಡಿನದು. ಅಂಗಡಿ ಮುಂದೆ, ಕಿಟಕಿ ಮೇಲೆ, ಬಿಸಿಲು ಬಂದಾಗ ಇಳಿಸಿ, ಬೇಡದಾಗ ಪೈಪಿಗೆ ಸುತ್ತಿ ಮೇಲೆ ಕಳಿಸ್ತಾರಲ್ಲ, ಆ ಪಟ್ಟೆ ಪಟ್ಟೆ ಬಟ್ಟೇದು. ಬಟ್ಟೆ ಹೊಲಿಯೋದು ನಾನು, ಏಣಿ ಹತ್ತಿ ಕೂರಿಸೋದು ಅವರು. ಪೈಪಿನೊಳಗೆ ಒಂದು ಸ್ಪ್ರಿಂಗ್ ಇರುತ್ತೆ, ಅದು ಬಟ್ಟೇನ ಸದಾ ಮೇಲಕ್ಕೆ ಎಳೀತಿರುತ್ತೆ. ಇಳಿಸಿದ ಬಟ್ಟೆ ಇಳಿಸಿದಲ್ಲೇ ನಿಲ್ಲೋಕೆ ಪೈಪಿನ ತುದೀಲಿ ಒಂದು ಹಲ್ಲಿನ ಕಚ್ಚು. ಆ ಹಲ್ಲು ಸವೆದ್ರೆ ಮುಗೀತು. ಪೈಪು ಗಿರ್ರಂತ ತಿರುಗಿ ಬಟ್ಟೆ, ಕಂಬಿ ಎಲ್ಲ ಡಬ್ ಅಂತ ಮೇಲೆ ಹೋಗಿ ಬಡಿಯುತ್ತೆ.

೧. ಬಟ್ಟೆ ಹರೀಲಿಲ್ಲ ತಾನೆ?

ದೇವನಹಳ್ಳಿ ಕಡೆ ಒಂದು ಬೇಕರಿ. ಹಿಂದೆ ನಾವೇ ಹಾಕಿಕೊಟ್ಟಿದ್ದ ಶೇಡು, ಕಚ್ಚು ಸವೆದಿದೆ ಅಂತ ಕರೆದಿದ್ರು. ನಮ್ಮೋರು ಏಣಿ ಮೇಲಿದ್ರು, ನಾನು ಪಕ್ಕದ ಜಗಲಿ ಮೇಲೆ ಕೂತು ಬಟ್ಟೆ ಅಂಚಿಗೆ ತೇಪೆ ಹಾಕ್ತಿದ್ದೆ. ಕಚ್ಚು ಜಾರ್ತು. ಪೈಪು ತಿರುಗಿದ ರಭಸಕ್ಕೆ ಮುಂದಿನ ಕಂಬಿ ಮೇಲೆ ಬಂದು ಅವರ ಎದೆಗೆ ಹೊಡೀತು. ಮೊದಲು ಡಬ್ ಅಂತ ಸದ್ದು. ಅದರ ಹಿಂದೇನೇ ಅವರು ಕಲ್ಲು ಮೆಟ್ಟಿಲ ಮೇಲೆ ಬೆನ್ನು ಕೆಳಗಾಗಿ ಬಿದ್ದ ಸದ್ದು. ಎರಡೂ ಇವತ್ತಿಗೂ ನನ್ನ ಕಿವೀಲಿವೆ.

ಬೇಕರಿ ಯಜಮಾನ್ರು ಓಡಿ ಬಂದ್ರು. ಮೊದಲು ಮೇಲೆ ನೋಡಿದ್ರು, ಆಮೇಲೆ ಕೆಳಗೆ ನೋಡಿದ್ರು.

"ಬಟ್ಟೆ ಹರೀಲಿಲ್ಲ ತಾನೆ?" ಅಂದ್ರು.

ನನಗೆ ಮೈಯೆಲ್ಲ ಉರಿದುಹೋಯ್ತು. ಕೈಲಿದ್ದ ಕತ್ತರಿ ಬೀಸಿ ಒಗೀಬೇಕು ಅನ್ನಿಸ್ತು. ಆದ್ರೆ ಕಾಲು ಅಲ್ಲಾಡಿಸೋಕೂ ಆಗದೆ ಬಿದ್ದಿದ್ದ ನಮ್ಮೋರು, ಅಲ್ಲಿಂದಲೇ ಗಿರಾಕಿಗೆ ಸಮಾಧಾನ ಹೇಳಿದ್ರು.

"ಇಲ್ಲ ಸಾರ್, ಹೆದರ್ಕೋಬೇಡಿ. ಹೊಲಿಗೆ ಗಟ್ಟಿ ಐತೆ, ನಮ್ಮನೆಯೋಳು ಹೊಲಿದಿರೋದು."

ಮದುವೆಯಾದ ಮೇಲೆ ಅವರು ನನ್ನ ಕೆಲಸ ಹೊಗಳಿದ್ದು ಅದೇ ಮೊದಲು.

೨. ಹಾರ

ಸೊಂಟದಿಂದ ಕೆಳಗೆ ಇನ್ನು ಸ್ವಾಧೀನ ಬರಲ್ಲ ಅಂತ ಡಾಕ್ಟ್ರು ಹೇಳಿದ್ರು. ಮನೆಗೆ ಕರ್ಕೊಂಡು ಬಂದು, ಬೀದಿಯಾದ್ರೂ ಕಾಣ್ಲಿ ಅಂತ ಮುಂದಿನ ಕೋಣೇಲಿ ಕಿಟಕಿ ಪಕ್ಕ ಮಂಚ ಹಾಕಿದೆ. ಅದು ಪಡುವಣ ಕಿಟಕಿ. ಮಧ್ಯಾಹ್ನ ತಿರುಗಿತು ಅಂದ್ರೆ ಬಿಸಿಲು ನೆಟ್ಟಗೆ ಮುಖದ ಮೇಲೆ. ಬೇರೆ ಕಡೆ ಮಂಚ ಹಿಡಿಯಲ್ಲ. ಪರದೆ ಹಾಕಿದ್ರೆ ಗಾಳಿ ಇಲ್ಲ, ಬೀದಿಯೂ ಇಲ್ಲ.

ನಾನು ಹಿಂದಿನ ಕೋಣೇಲಿ ಮಿಷನ್ ತುಳೀತಿರ್ತೀನಿ. ಅಕ್ಕಪಕ್ಕ ಎಲ್ಲ ಮಗ್ಗದ ಮನೆ, ಕರೆಂಟ್ ಇರೋವರೆಗೂ ಕಟಕಟ ಕಟಕಟ. ಕೂಗಿದ್ರೂ ಕೇಳಲ್ಲ. ಬಂದು ನೋಡಿದ್ರೆ ಇವರು ಕಣ್ಣು ಮುಚ್ಕೊಂಡು, ಮುಖ ಕೆಂಪಗೆ ಮಾಡ್ಕೊಂಡು ಮಲಗಿರೋರು.

"ಜೋರಾಗಿ ಕೂಗ್ಬಾರ್ದಾ?"

"ನೀರಿಗೆ ಕೂಗ್ಬೇಕು, ಉಚ್ಚೆಗೆ ಕೂಗ್ಬೇಕು. ಬಿಸಿಲಿಗೂ ನಿನ್ನೇ ಕೂಗ್ಬೇಕೇನೇ?"

ಬಿಸಿಲು ಒಂದಾದ್ರೂ ತನ್ನ ಕೈಲಿರ್ಲಿ. ಅವರಿಗೆ ಬೇಕಾಗಿದ್ದು ಅಷ್ಟೇ. ಮತ್ತೆ ನಡೀಬೇಕು ಅಂತ ಅವರು ಒಂದಿನಾನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ.

ಊರಿಗೆಲ್ಲ ಶೇಡು ಹಾಕೋರ ಮನೆ ಕಿಟಕಿಗೇ ಶೇಡಿರಲಿಲ್ಲ ನೋಡಿ. ಯಾವುದೋ ಅಂಗಡಿಗೆ ಅಂತ ಮಾಡಿ ಉಳಿದಿದ್ದ ನೀಲಿ ಬಿಳಿ ಪಟ್ಟೇದನ್ನ ನಾನೇ ಏಣಿ ಹತ್ತಿ ಕೂರಿಸ್ದೆ. ಕಿಟಕಿಗೆ ತುಂಬ ದೊಡ್ಡದು, ಬಾಗಿಲಿನ ಮುಂದಕ್ಕೂ ಬಂತು. ಇಳಿಸಿದ ದಿನವೇ ಕಚ್ಚು ಸಿಕ್ಕಾಕ್ಕೊಂಡು ಮೇಲೆ ಏಳದೆ ಕೂತುಬಿಡ್ತು. ಅವತ್ತೇ ಇವರ ಜೊತೆ ಕೆಲಸ ಮಾಡ್ತಿದ್ದೋರು ಒಂದಷ್ಟು ಜನ ನೋಡೋಕೆ ಬಂದು ಒಳಗೆ ಕೂತಿದ್ರು. ಬಾಗಿಲಲ್ಲಿ ರಾಶಿ ಚಪ್ಪಲಿ.

ಮನೆ ಮುಂದೆ ಹಠಾತ್ತಾಗಿ ಬಟ್ಟೆ ಕಟ್ಟಿದೆ, ಬಾಗಿಲಲ್ಲಿ ಚಪ್ಪಲಿ ರಾಶಿ ಬಿದ್ದಿದೆ, ಒಳಗೆ ಕಾಯಿಲೆ ಮನುಷ್ಯ ಇದ್ದಾನೆ. ನಮ್ಮ ಕಡೆ ಇದಕ್ಕೆ ಒಂದೇ ಅರ್ಥ. ದಾರೀಲಿ ಹೋಗೋ ಪುಣ್ಯಾತ್ಮರು ಯಾರೋ ಫೋನ್ ಮಾಡೇಬಿಟ್ಟಿದ್ದಾರೆ. ನೆಲಮಂಗಲದಿಂದ ಇವರ ದೂರದ ನೆಂಟರೊಬ್ಬರು ಬೈಕಲ್ಲಿ ಬಂದ್ರು. ಬೀದಿ ತಿರುವಲ್ಲೇ ಅಳೋಕೆ ಶುರು ಮಾಡಿದ್ರಂತೆ. ಕೈಲಿ ಸುಗಂಧರಾಜದ ಹಾರ. ಒಳಗೆ ಬಂದು ನೋಡ್ತಾರೆ, ಸತ್ತೋರು ಸ್ಪೂನಲ್ಲಿ ಕಾಫಿ ಕುಡೀತಿದ್ದಾರೆ.

ಆ ಮನುಷ್ಯ ಹಾರ ಬೆನ್ನ ಹಿಂದಕ್ಕೆ ಹಿಡ್ಕೊಂಡ್ರು. ಅಷ್ಟುದ್ದದ ಹಾರ ಎಲ್ಲಿ ಮುಚ್ಚಿಡೋಕಾಗುತ್ತೆ. ನಾನಂತೂ ನೆಲ ನೋಡ್ತಾ ನಿಂತೆ. ನಮ್ಮೆಜಮಾನ್ರು ಕಾಫಿ ನುಂಗಿ, ನಿಧಾನಕ್ಕೆ ನನ್ನ ಕಡೆ ನೋಡಿದ್ರು.

"ಇಸ್ಕೊಂಡು ಫ್ರಿಡ್ಜಲ್ಲಿಡೇ. ಪಾಪ, ಅವ್ರಿಗ್ಯಾಕೆ ಎರಡು ಸಲ ಓಡಾಟ."

೩. ಸೇಬಿನ ಚೀಲ

ಅವತ್ತಿಂದ ಇವರು ಚಾವಣಿ ನೋಡ್ಕೊಂಡು ಮಲಗಿದ್ದಲ್ಲೇ ಶೇಡು ಸುಧಾರಣೆಗೆ ಇಳಿದ್ರು. ಹಳೇ ಕಚ್ಚೇ ಬೇಡ, ಸೈಕಲ್ಲಿನ ಹಿಂದಿನ ಚಕ್ರದ ಫ್ರೀವೀಲ್ ತಗೊಂಡು ಬಾ ಅಂದ್ರು. ಅದು ಒಂದು ಕಡೆಗೆ ತಿರುಗುತ್ತೆ, ಇನ್ನೊಂದು ಕಡೆಗೆ ಬಿಡಲ್ಲ. ಮುಂದಿನ ಕಂಬಿಗೆ ಮರಳು ತುಂಬಿಸು, ತೂಕಕ್ಕೆ ಅದೇ ಅರ್ಧ ಇಳಿಯುತ್ತೆ, ಮಲಗಿ ಎಳೆದ್ರೂ ಸಾಕು ಅಂದ್ರು. ಹಗ್ಗ ಕಿಟಕಿಯೊಳಗಿಂದ ಮಂಚಕ್ಕೆ ಬಂತು. ಮತ್ತೆ ಮೇಲೆ ಕಳಿಸೋಕೆ, ಹಳೇ ಮೊಪೆಡ್ಡಿನ ಬ್ರೇಕ್ ಹಿಡಿ ಬಿಚ್ಚಿ ಮಂಚದ ಕಂಬಿಗೆ ಕಟ್ಟಿದ್ವಿ. ಹಿಡಿ ಒತ್ತಿದ್ರೆ ವೈರು ಎಳೆದು ಹಲ್ಲು ಬಿಡುತ್ತೆ.

ಹೇಳೋದು ಅವರು, ಮಾಡೋದು ನಾನು. ನಾನು ಹೊರಗೆ ಏಣಿ ಮೇಲೆ, ಅವರು ಒಳಗೆ ಮಂಚದ ಮೇಲೆ.

"ಇನ್ನರ್ಧ ಸುತ್ತು."

"ಯಾವ ಕಡೆಗ್ರೀ?"

"ನೀನು ಯಾವ ಕಡೆ ತಿರುಗಿಸ್ತಿದ್ದೀಯೋ ಅದರ ಉಲ್ಟಾ."

"ನಾನ್ಯಾವ ಕಡೆ ತಿರುಗಿಸ್ತಿದ್ದೀನಿ ಅಂತ ನಿಮಗೆಲ್ಲಿ ಕಾಣುತ್ತೆ?"

"ಇಪ್ಪತ್ತು ವರ್ಷ ಸಂಸಾರ ಮಾಡಿದ್ದೀನಲ್ಲ."

ಸರಿ, ಇಳಿಯೋದೇನೋ ಅವರ ಕೈಯಿಂದಲೇ ಇಳೀತು. ಮೇಲೆ ಹೋಗೋವಾಗ ಮಾತ್ರ ಅದೇ ಡಬ್. ಆ ಸದ್ದಿಗೆ ಇವರು ಎರಡೂ ಕೈಲಿ ಮಂಚ ಹಿಡ್ಕೊಂಡು ಕಣ್ಣು ಮುಚ್ಚೋರು. ಬೇಕರಿ ಮುಂದೆ ಬಿದ್ದದ್ದೇ ನೆನಪಾಗೋದು, ಇನ್ನೇನು. ಅದಕ್ಕೇ ಹಿಡಿ ಮುಟ್ಟೋದನ್ನೇ ಬಿಟ್ಟರು. ಮೇಲೆ ಕಳಿಸೋಕೆ ಮತ್ತೆ ನಾನೇ ಬರಬೇಕಾಯ್ತು.

ಒಂದಿನ ಇವರ ಸೋದರತ್ತೆ ಬ್ರೆಡ್ಡು, ಸೇಬು ಹಿಡ್ಕೊಂಡು ನೋಡೋಕೆ ಬಂದ್ರು. ಕೂತ್ಕೊಳ್ತಾ ಸೇಬಿನ ಚೀಲಾನ ತಗೊಂಡು ಹೋಗಿ ಬ್ರೇಕ್ ಹಿಡಿಗೆ ನೇತು ಹಾಕಿದ್ದಾರೆ. ಅದು ಬಿಗಿ ಹಿಡಿ, ಚೀಲದ ಭಾರಕ್ಕೆ ನಿಧಾನವಾಗಿ ಬಗ್ಗುತ್ತಾ ಇದೆ. ಯಾರೂ ನೋಡಿಲ್ಲ.

"ಶಿವಗಂಗೆಗೆ ಹರಕೆ ಹೊತ್ಕೊಂಡಿದ್ದೀನಿ ಕಣಪ್ಪ," ಅಂತ ಅತ್ತೆ ಅಳ್ತಾ ಶುರು ಮಾಡಿದ್ರು. "ದೇವ್ರು ಕೈ ಬಿಡಲ್ಲ. ಏನಾದ್ರೂ ಒಂದು ಸೂಚನೆ ಕೊಟ್ಟೇ ಕೊಡ್ತಾನೆ."

ಡಬ್! ಶೇಡು ಮೇಲಕ್ಕೆ ಹಾರ್ತು. ಕೋಣೆ ತುಂಬ ಬಿಸಿಲು. ಅತ್ತೆ ಎದ್ದು ನಿಂತು ಕಿಟಕಿಗೆ ಕೈ ಮುಗಿದುಬಿಟ್ರು.

ನಮ್ಮೋರು ಮಂಚ ಬಿಗಿಯಾಗಿ ಹಿಡ್ಕೊಂಡು, ಒಂದೇ ಕಣ್ಣು ತೆಗೆದ್ರು.

"ಅತ್ತೆ, ಸೂಚನೆ ಬಂತು. ಇನ್ನು ಚೀಲ ತೆಗೀರಿ."

೪. ಪಂಚಾಯ್ತಿ

ಅತ್ತೆ ಹೋದ ಮೇಲೆ ಇವರು, "ಈ ಸದ್ದು ಹೋಗ್ಬೇಕು ಕಣೇ. ಸದ್ದಿಲ್ಲದೆ ಏಳಬೇಕು" ಅಂದ್ರು. ಮಾರನೇ ದಿನ ಬೆಳಿಗ್ಗೆ ಸೈಕಲ್ ಬ್ರೇಕಿನ ರಬ್ಬರನ್ನ ಪೈಪಿಗೆ ಒತ್ತೋ ಹಾಗೆ ಕೂರಿಸಿದ್ವಿ. ಅದು ಉಜ್ಜುತ್ತಾ ಪೈಪನ್ನ ನಿಧಾನಕ್ಕೆ ಬಿಡಬೇಕು, ಅದು ಲೆಕ್ಕ. ಫ್ರೀವೀಲಿಗೆ ಗ್ರೀಸ್ ಮೆತ್ತಿದೆ. ಶೇಡು ಇಳಿಸಿಟ್ಟೆ. ಇವರು ಹಿಡಿ ಮೇಲೆ ಕೈ ಇಟ್ರು, ತೆಗೆದ್ರು. "ನಾಳೆ ನೋಡೋಣ" ಅಂದ್ರು. ಧೈರ್ಯ ಸಾಲಲಿಲ್ಲ, ನಾನೂ ಬಲವಂತ ಮಾಡಲಿಲ್ಲ.

ಅವತ್ತೇ ಮಧ್ಯಾಹ್ನ ಹೊಸಕೋಟೆ ಕಡೆಯಿಂದ ಇವರ ಅಣ್ಣ, ಅಂದ್ರೆ ನಮ್ಮ ಭಾವನೋರು ಬಂದ್ರು. ಜೊತೇಲಿ ಇವರ ಚಿಕ್ಕಪ್ಪ. ರೋಗಿ ಕಿವಿಗೆ ಬೀಳಬಾರದು ಅಂತ ನನ್ನ ಹೊರಗೆ ಕರೆದ್ರು. ಬೀದೀಲೆಲ್ಲ ಬಿಸಿಲು, ನೆರಳಿದ್ದದ್ದು ನಮ್ಮ ಶೇಡಿನ ಕೆಳಗೆ ಮಾತ್ರ. ಹೋಗಿ ಹೋಗಿ ನಮ್ಮೋರ ಕಿಟಕಿಗೇ ಬೆನ್ನು ಕೊಟ್ಟು ನಿಂತು ಗುಟ್ಟು ಮಾತಾಡೋಕೆ ಶುರು ಮಾಡಿದ್ರು.

"ದಾಬಸ್‌ಪೇಟೆ ಹತ್ರ ಒಂದು ಆಶ್ರಮ ಐತಂತಮ್ಮ," ಅಂದ್ರು ಭಾವ. "ಮಲಗಿರೋರ್ನ ನೋಡ್ಕೋತಾರಂತೆ. ನೀನು ಎಷ್ಟೂಂತ ಮಾಡ್ತೀಯ."

ನನಗೆ ಅವರ ಹೆದರಿಕೆ ಇರಲಿಲ್ಲ. ಅವರಿಗೆ ನಾಲ್ಕು ಮಾತು ನಾನೇ ಅಂತಿದ್ದೆ. ನನ್ನ ಹೆದರಿಕೆ ಒಳಗಿದ್ದೋರದ್ದು. ನಿನಗೆ ಭಾರ ಆದೆ ಅಂತ ಅವರು ಆಗಲೇ ಒಂದೆರಡು ಸಲ ಅಂದಿದ್ರು. "ಆಗ್ಲಿ ಅಣ್ಣ, ಕರ್ಕೊಂಡು ಹೋಗು" ಅಂತ ಕಿಟಕಿಯಿಂದ ಒಂದು ಮಾತು ಬಂದ್ರೆ ಮುಗೀತು, ಆಮೇಲೆ ನನ್ನ ಮಾತು ಯಾರು ಕೇಳ್ತಾರೆ. ಕೈಲಿದ್ದ ತಟ್ಟೆಯಿಂದ ಇಬ್ಬರಿಗೂ ಟೀ ಕೊಟ್ಟೆ.

"ಇಲ್ಲಿದ್ದು ತಾನೇ ಏನು," ಅಂದ್ರು ಭಾವ. "ಅವನ ಕೈಲಿ ಇನ್ನೇನೂ ಆಗಲ್ಲ."

ಭಾವನ ಬೋಳು ತಲೆ ಮೇಲೆ ಬಿಸಿಲು ಬಿತ್ತು. ಸದ್ದಿಲ್ಲ, ಗದ್ದಲವಿಲ್ಲ. ಅವರು ಕಣ್ಣು ಕಿರಿದು ಮಾಡ್ಕೊಂಡು ಗೋಡೆ ಕಡೆ ಸರಿದ್ರು.

"ಗಾಳಿ ಇರ್ಬೇಕು," ಅಂದ್ರು ಚಿಕ್ಕಪ್ಪ. "ಈ ಸಲ ಮಳೆ ಹೆಂಗೆ ನಿಮ್ಮ ಕಡೆ?"

ಮಳೆ ಮಾತು ಬಂತು, ನೆರಳು ಇಳೀತು. ರಾಗಿ ಮಾತು, ಭಾವನ ಮಗಳ ಸೀಮಂತದ ಮಾತು. ನೆರಳು ತಣ್ಣಗಿತ್ತು. ಟೀ ಮುಗಿಸಿ ಭಾವ ಮೀಸೆ ಒರೆಸ್ಕೊಂಡ್ರು. "ಅಲ್ಲಮ್ಮ, ಆ ಆಶ್ರಮದ ವಿಷಯ."

ನೆರಳು ಹೋಯ್ತು. ಈ ಸಲ ಪೂರ್ತಿ ಹೋಯ್ತು.

ನಾನು ಕಿಟಕಿ ಕಡೆ ನೋಡಲಿಲ್ಲ. ನೋಡಿದ್ರೆ ಅಳು ಬಂದ್ಬಿಡ್ತಿತ್ತು, ಇಲ್ಲಾ ನಗು ಬಂದ್ಬಿಡ್ತಿತ್ತು. "ಅವರು ಎಲ್ಲಿಗೂ ಹೋಗಲ್ಲ, ಇಲ್ಲೇ ಇರ್ತಾರೆ" ಅಂತ ತಟ್ಟೆ ನೋಡ್ತಾನೇ ಹೇಳಿದೆ. ನೆರಳು ಮೆತ್ತಗೆ ಇಳಿದು ನನ್ನ ಕಾಲವರೆಗೂ ಬಂತು. ಭಾವನಿಗೆ ಮಾತ್ರ ಹಠ. "ನೀನು ಹೆಣ್ಣೆಂಗಸು, ನಿನಗೇನು ಗೊತ್ತಾಗುತ್ತೆ" ಅಂತ ಮತ್ತೆ ಬಾಯಿ ತೆಗೆದ್ರು, ಮತ್ತೆ ಬಿಸಿಲು. ಬೆವರು ಹಣೆಯಿಂದ ಮೂಗಿಗೆ ಇಳೀತಿತ್ತು. ಚಿಕ್ಕಪ್ಪ ಟವೆಲು ತಲೆ ಮೇಲೆ ಹಾಕ್ಕೊಂಡು, "ಬಿಡಪ್ಪ ಆ ವಿಷಯ, ತಲೆ ಸುಡ್ತೈತೆ" ಅಂದ್ರು. ನೆರಳು ಬಂತು.

ಭಾವ ತಲೆ ಎತ್ತಿ ಶೇಡನ್ನ ದಿಟ್ಟಿಸಿ ನೋಡಿದ್ರು.

"ಇದು ಕೆಟ್ಟೋಗೈತೆ ಕಣಮ್ಮ. ತಾನೇ ಏಳುತ್ತೆ, ತಾನೇ ಇಳಿಯುತ್ತೆ. ನನ್ನ ತಮ್ಮಂಗೆ ಹೇಳಿ ಸರಿ ಮಾಡಿಸ್ಬಾರ್ದಾ? ಈ ಕೆಲಸ ಅವನಷ್ಟು ಚೆನ್ನಾಗಿ ಇನ್ಯಾರು ಮಾಡ್ತಾರೆ."

ಕಿಟಕಿಯೊಳಗಿಂದ ನಮ್ಮೋರ ದನಿ ಬಂತು.

"ಸರಿಯಾಗೇ ಐತೆ ಕಣಣ್ಣ. ನೀನು ಮಾತು ಮುಂದುವರಿಸು."