ಬೋರ್ಡ್ ಮೇಷ್ಟ್ರ ಗಿರಕಿ

ಎಲ್ಲಕ್ಕೂ ಕಾರಣ ಒಂದು ಸೀನು. ಸೀನಿದ್ದು ಗಿರಕಿ ಮೇಷ್ಟ್ರು, ಅನುಭವಿಸಿದ್ದು ಬೋರ್ಡ್ ಮೇಷ್ಟ್ರು.

ಊರಾಚೆಯ ಡ್ರೈವರ್ ತರಬೇತಿ ಕೇಂದ್ರದಲ್ಲಿ ಇಬ್ಬರು ಮೇಷ್ಟ್ರುಗಳಿದ್ದರು. ಒಬ್ಬರು ಫ್ಯಾನಿನ ಕೆಳಗೆ ನಿಂತು, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಕಾರು ಬರೆದು, ಒದ್ದೆ ರಸ್ತೆಯಲ್ಲಿ ಅದು ಹೇಗೆ ಜಾರುತ್ತದೆ, ಜಾರಿದಾಗ ಏನು ಮಾಡಬೇಕು ಎಂದು ಪಾಠ ಹೇಳುವವರು. ಇನ್ನೊಬ್ಬರು ಹೊರಗೆ ಬಿಸಿಲಲ್ಲಿ ನಿಜವಾದ ಕಾರನ್ನು ನಿಜವಾಗಿ ಜಾರಿಸಿ, ಗಿರ್ರೆಂದು ತಿರುಗಿಸಿ, ಮತ್ತೆ ಹತೋಟಿಗೆ ತಂದು ತೋರಿಸುವವರು. ಅದಕ್ಕೆಂದೇ ಹಿತ್ತಲಲ್ಲಿ ನುಣುಪಾದ ಸಿಮೆಂಟಿನ ದೊಡ್ಡ ಅಂಗಳ ಮಾಡಿಸಿ, ಅದರ ಮೇಲೆ ಪೈಪಿನಿಂದ ಸೋಪಿನ ನೀರು ಬಿಡುತ್ತಿದ್ದರು. ಕಾರಿನ ಹಿಂದಿನ ಎರಡು ಟೈರುಗಳೂ ಮ್ಯಾನೇಜರರ ತಲೆಯಷ್ಟೇ ಬೋಳು.

ಆ ದಿನ ಬೆಳಿಗ್ಗೆ ಗಿರಕಿ ಮೇಷ್ಟ್ರು ಶೂ ಲೇಸ್ ಕಟ್ಟಲು ಬಗ್ಗಿದ್ದಾಗ ಸೀನು ಬಂತು. ಸೀನು ಹೊರಗೆ ಹೋಯಿತು, ಸೊಂಟ ಅಲ್ಲೇ ನಿಂತಿತು.

ಏಳು ಗಂಟೆಗೆ ಬೋರ್ಡ್ ಮೇಷ್ಟ್ರ ಮನೆಗೆ ಮ್ಯಾನೇಜರರ ಫೋನು ಬಂತು. ಮೇಷ್ಟ್ರು ಅರ್ಧ ಗಡ್ಡ ಹೆರೆದಿದ್ದರು. ಅವರ ಫೋನಿನಲ್ಲಿ ಸ್ಪೀಕರ್ ಮಾತ್ರ ಸರಿಯಾಗಿ ಕೆಲಸ ಮಾಡುತ್ತಿದ್ದರಿಂದ ಅವರಿಗೆ ಬಂದ ಕರೆಯೆಲ್ಲ ಬೀದಿಗೇ ಬಂದಂತೆ.

"ಮೇಷ್ಟ್ರೇ, ಇವತ್ತು ಡೈರಿಯವರ ಬ್ಯಾಚು. ಹನ್ನೆರಡು ಜನ ಹಾಲಿನ ವ್ಯಾನ್ ಡ್ರೈವರ್‌ಗಳು. ನೋಡೋಕೆ ಅವರ ಸಾಗಣೆ ವಿಭಾಗದ ಮೇಡಮ್ಮೂ ಬರ್ತಾರೆ. ಅವರಿಗೆ ಹಿಡಿಸಿದ್ರೆ ಡೈರಿಯ ಎಲ್ಲಾ ಡ್ರೈವರ್‌ಗಳೂ ನಮ್ಮ ಹತ್ರಾನೇ ಬರ್ತಾರೆ. ಹಿಡಿಸ್ಲಿಲ್ಲಾಂದ್ರೆ ಕೇಂದ್ರದ ಬಾಗಿಲಿಗೆ ಬೀಗ. ಗಿರಕಿ ಕೆಲಸ ಇವತ್ತು ನಿಮ್ದು."

"ನಂದಾ? ಸಾರ್, ನಾನು ಬರೀ ಬೋರ್ಡು…"

"ಹನ್ನೊಂದು ವರ್ಷದಿಂದ ಹೇಳ್ಕೊಡ್ತಿದೀರಲ್ರೀ! ಬೋರ್ಡ್ ಮೇಲೆ ಮಾಡೋದನ್ನ ನೆಲದ ಮೇಲೆ ಮಾಡಿ, ಅಷ್ಟೇ." ಫೋನು ಕಟ್ಟಾಯಿತು.

ಮೇಷ್ಟ್ರು ಕನ್ನಡಿ ನೋಡಿಕೊಂಡರು. ಅರ್ಧ ಮುಖಕ್ಕೆ ನೊರೆ, ಇನ್ನರ್ಧಕ್ಕೆ ಬೆವರು. ಅವರ ಹತ್ತಿರ ಲೈಸೆನ್ಸ್ ಇತ್ತು, ಸುಳ್ಳಲ್ಲ. ಆದರೆ ಕೊನೆಯ ಸಲ ಅವರು ಸ್ಟಿಯರಿಂಗ್ ಹಿಡಿದು ಒಂಬತ್ತು ವರ್ಷವಾಗಿತ್ತು. ಹೆಂಡತಿಯ ಅಣ್ಣನ ಕಾರನ್ನು ರಿವರ್ಸ್ ತೆಗೆಯಲು ಹೋಗಿ, ಎದುರುಮನೆಯ ರಿಟೈರ್ಡ್ ಓವರ್‌ಸಿಯರರ ಕಾಂಪೌಂಡು ಕೆಡವಿದ್ದರು. ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. "ಗೋಡೆಗೆ ಸಿಮೆಂಟ್ ಕಮ್ಮಿ ಬಿದ್ದಿತ್ತು ಅನ್ಸುತ್ತೆ" ಎಂದೂ ಹೇಳಿದ್ದರು. ಗೋಡೆ ಕಟ್ಟಿಸಿದ್ದು ಓವರ್‌ಸಿಯರರೇ. ಅಂದಿನಿಂದ ಎರಡು ವರ್ಷ ಮಾತಿರಲಿಲ್ಲ. ಮೇಷ್ಟ್ರಿಗಂತೂ ಅಂದಿನಿಂದ ಬಸ್ಸೇ ಗತಿ.

ಹೊರಗೆ ಬರುವಷ್ಟರಲ್ಲಿ ಓವರ್‌ಸಿಯರರು ಗೇಟಿನಲ್ಲಿ ನಿಂತಿದ್ದರು. "ಮೇಷ್ಟ್ರೇ, ಎಲ್ಲಾ ಕೇಳಿಸ್ತು. ನಂದೊಂದು ಮಾತು. ಏನೇ ಆಗ್ಲಿ, ಬ್ರೇಕ್ ಬಿಡಬೇಡಿ. ಗಟ್ಟಿಯಾಗಿ ತುಳ್ಕೊಂಡಿರಿ."

"ಬ್ರೇಕ್ ತುಳೀಬಾರದು ಅನ್ನೋದೇ ನನ್ನ ಮೊದಲನೇ ಪಾಠ, ಸಾರ್."

"ಅದು ಪಾಠ. ನಾನು ಹೇಳ್ತಿರೋದು ಜೀವನ."

ಮಹಡಿ ಮನೆಯ ನರ್ಸಮ್ಮ ಮೆಟ್ಟಿಲಿಳಿದು ಬಂದು ಒಂದು ಚೀಟಿ ಕೈಗಿಟ್ಟಳು. "ನಿಮ್ಮ ರಕ್ತದ ಗುಂಪು ಬರೆದಿದೀನಿ ಅಣ್ಣ. ಮೇಲಿನ ಜೇಬಲ್ಲಿ ಇಟ್ಕೊಳ್ಳಿ. ಬೇಕಾಗಲ್ಲ, ಆದ್ರೂ ಇರಲಿ."

ಹೆಂಡತಿ ಒಳಗಿನಿಂದ ಹಳೆಯ ಷರ್ಟು ತಂದಳು. "ರೀ, ಹೊಸದು ಬಿಚ್ಚಿ ಇದನ್ನ ಹಾಕ್ಕೊಳ್ಳಿ."

"ಯಾಕೆ?"

"ಹರಿದುಹೋದ್ರೆ ಹೊಟ್ಟೆ ಉರಿಯುತ್ತೆ."

ಇಷ್ಟೊಂದು ಧೈರ್ಯ ತುಂಬಿಸಿಕೊಂಡು ಮೇಷ್ಟ್ರು ಬಸ್ಸು ಹತ್ತಿದರು.

ಬೆಳಗಿನ ಪಾಠ ಎಂದಿನಂತೆ ಸೊಗಸಾಗಿತ್ತು. ಬೋರ್ಡಿನ ಮುಂದೆ ಮೇಷ್ಟ್ರು ಹುಲಿ. ಮೂರು ಸೂತ್ರ ಬರೆದರು. ಒಂದು, ಬ್ರೇಕ್ ತುಳಿಯಬೇಡಿ. ಎರಡು, ಕಾರಿನ ಹಿಂಭಾಗ ಯಾವ ಕಡೆ ಜಾರುತ್ತದೋ ಸ್ಟಿಯರಿಂಗನ್ನು ಆ ಕಡೆಗೇ ತಿರುಗಿಸಿ. ಮೂರು, ಎಲ್ಲಿಗೆ ಹೋಗಬೇಕೋ ಅಲ್ಲಿ ನೋಡಿ, ಯಾವುದಕ್ಕೆ ಗುದ್ದುತ್ತೀರೋ ಅದನ್ನಲ್ಲ. ಡ್ರೈವರುಗಳು ಒಕ್ಕೊರಲಿನಿಂದ ಅವನ್ನು ಮತ್ತೆ ಹೇಳಿದರು. ಅವರಲ್ಲಿ ಹಿರಿಯ, ಎಲ್ಲರೂ ದೊಡ್ಡಣ್ಣ ಎಂದು ಕರೆಯುತ್ತಿದ್ದ ದಪ್ಪ ಮೀಸೆಯ ಡ್ರೈವರ್ ಮಾತ್ರ ಆಕಳಿಸುತ್ತ, "ಇಪ್ಪತ್ತೆರಡು ವರ್ಷದಿಂದ ಗಾಡಿ ಓಡಿಸ್ತಿದೀನಿ ಸಾರ್. ಇದೆಲ್ಲ ನಮ್ಮ ಕಾಲಿಗೇ ಗೊತ್ತು" ಎಂದ. ಕೊನೆಯ ಬೆಂಚಿನಲ್ಲಿ ಕುಳಿತಿದ್ದ ಸಾಗಣೆ ಮೇಡಂ ಏನನ್ನೋ ಬರೆದುಕೊಂಡರು.

"ಈಗ ಮೇಷ್ಟ್ರು ಮಾಡಿ ತೋರಿಸ್ತಾರೆ," ಎಂದರು ಮ್ಯಾನೇಜರು. ಮೇಡಂ ಬರುತ್ತಾರೆಂದು ಅವರು ಬೆಳ್ಳಗೆ ಇಸ್ತ್ರಿ ಮಾಡಿದ ಷರ್ಟು ಹಾಕಿಕೊಂಡು ಬಂದಿದ್ದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೇಷ್ಟ್ರಿಗೆ ಆ ನೆಪವೂ ಇರಲಿಲ್ಲ. ಇಲ್ಲಿ ನೆಲವನ್ನು ಕೆಡಿಸಿಟ್ಟಿದ್ದೇ ಕುಣಿದು ತೋರಿಸಲಿ ಎಂದು. ಅವರು ಕಾರಿನೊಳಗೆ ಕುಳಿತು ಬೆಲ್ಟ್ ಹಾಕಿ, ಸ್ಟಾರ್ಟ್ ಮಾಡಲು ಹೋಗಿ ವೈಪರ್ ಹಾಕಿದರು. ವೈಪರ್ ಆಚೆ ಈಚೆ ಆಡುತ್ತ, ಬೇಡ ಬೇಡ ಎಂದಿತು.

ಮಾಡಬೇಕಾದ್ದು ಸುಲಭ. ಕೆಂಪು ಗೆರೆ ದಾಟಿದ ಕೂಡಲೇ ಹ್ಯಾಂಡ್‌ಬ್ರೇಕ್ ಎಳೆದು ಬಿಡಬೇಕು. ಕಾರಿನ ಹಿಂಭಾಗ ಜಾರುತ್ತದೆ. ಆಗ ಅದನ್ನು ನೆಟ್ಟಗೆ ಮಾಡಿ, ಸಾಲಾಗಿಟ್ಟ ಪ್ಲಾಸ್ಟಿಕ್ ಕೋನುಗಳ ನಡುವೆ ಸಾಗಬೇಕು. ಮೇಷ್ಟ್ರು ಗೆರೆ ದಾಟಿದರು. ಹ್ಯಾಂಡ್‌ಬ್ರೇಕ್ ಎಳೆದರು. ಕಾರಿನ ಹಿಂಭಾಗ, ಸಭೆಯಲ್ಲಿ ಯಾರೋ ಹೆಸರು ಕರೆದಂತೆ, ಎದ್ದು ಮುಂದಕ್ಕೆ ಬಂತು.

ಮೇಷ್ಟ್ರ ಎರಡು ಕಾಲೂ ಒಟ್ಟಿಗೆ ಬ್ರೇಕಿನ ಮೇಲೆ ನಿಂತವು.

"ಮೇಷ್ಟ್ರೇ, ಒಂದು! ಒಂದು!" ಡ್ರೈವರುಗಳು ಕೂಗಿದರು.

ಮೇಷ್ಟ್ರು ಸ್ಟಿಯರಿಂಗನ್ನು ತಪ್ಪು ಕಡೆಗೆ ಕಿತ್ತುಬರುವಂತೆ ಎಳೆದರು.

"ಎರಡು! ಎರಡು!"

ಆಮೇಲೆ ಕಣ್ಣು ಮುಚ್ಚಿಕೊಂಡರು. ಅದಕ್ಕೆ ಯಾವ ಸೂತ್ರ ಕೂಗಬೇಕೆಂದು ಯಾರಿಗೂ ತಿಳಿಯಲಿಲ್ಲ. ಕಾರು ಎರಡೂವರೆ ಸುತ್ತು ತಿರುಗಿ, ಒಂಬತ್ತು ಕೋನುಗಳನ್ನು ಹೊಟ್ಟೆಯಡಿ ಸೇರಿಸಿಕೊಂಡು, ಬಂದ ದಿಕ್ಕಿಗೇ ಮುಖಮಾಡಿ ನಿಂತಿತು.

ಮೇಷ್ಟ್ರು ಗಾಜು ಇಳಿಸಿದರು. ಬಿದ್ದರೂ ಮೀಸೆ ಮಣ್ಣಾಗಬಾರದಲ್ಲ! "ಇದು… ಇದು ಹೇಗೆ ಮಾಡಬಾರದು ಅನ್ನೋದು," ಎಂದರು.

"ಇನ್ನೊಂದ್ಸಲ ಮಾಡಿ," ಎಂದರು ಮೇಡಂ, ನಗದೆ.

ಎರಡನೆಯ ಸಲ ಮೇಷ್ಟ್ರು ಕಣ್ಣು ಬಿಟ್ಟುಕೊಂಡೇ ಇರಬೇಕೆಂದು ನಿಶ್ಚಯಿಸಿದರು. ಬಿಟ್ಟ ಕಣ್ಣಿಗೆ ಮೊದಲು ಬಿದ್ದದ್ದು ಮ್ಯಾನೇಜರರ ಬಿಳಿ ಷರ್ಟು. ಎಲ್ಲಿ ನೋಡುತ್ತೀರೋ ಕಾರು ಅಲ್ಲಿಗೇ ಹೋಗುತ್ತದೆ ಎಂದು ಅವರೇ ಹನ್ನೊಂದು ವರ್ಷದಿಂದ ಹೇಳುತ್ತ ಬಂದಿದ್ದರು. ಆ ಮಾತು ಎಷ್ಟು ಸತ್ಯ ಎಂದು ಈಗ ತಿಳಿಯಿತು. "ಮೂರು! ಮೂರೂ…" ಎಂದು ಹನ್ನೆರಡು ಗಂಟಲು ಕಿರುಚುತ್ತಿದ್ದಂತೆ ಕಾರು ಷರ್ಟಿನ ಕಡೆಗೇ ಅಡ್ಡಡ್ಡ ಜಾರುತ್ತ ಹೊರಟಿತು. ಮ್ಯಾನೇಜರು ಓಡಿದರು. ನೆಲ ಅವರನ್ನೂ ಬಿಡಲಿಲ್ಲ. ಅವರು ಕುಳಿತ ಭಂಗಿಯಲ್ಲೇ ಒಂದಷ್ಟು ದೂರ ಸಾಗಿ ನಿಂತರು. ಕಾರು ಪಂಪಿನ ಪೈಪನ್ನು ಕಿತ್ತು ನಿಂತಿತು. ಪೈಪು ಹಾವಿನಂತೆ ಎದ್ದು, ಕುಳಿತಿದ್ದ ಮ್ಯಾನೇಜರರಿಗೆ ತಲೆಯಿಂದ ಕಾಲಿನವರೆಗೆ ಸೋಪಿನ ನೀರು ಎರೆಯಿತು.

ಹನ್ನೆರಡು ಡ್ರೈವರುಗಳೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಲ್ಲ, ಹನ್ನೊಂದು ಜನ. ದೊಡ್ಡಣ್ಣ ನಗಲಿಲ್ಲ. ಮೆಲ್ಲಗೆ ಕಾರಿನ ಹತ್ತಿರ ಬಂದು, ಬಾಗಿಲು ತೆಗೆದು, ಇನ್ನೂ ಬ್ರೇಕಿನ ಮೇಲೆ ನಿಂತಿದ್ದ ಮೇಷ್ಟ್ರ ಕಾಲುಗಳನ್ನೇ ನೋಡಿದ.

"ಹೋದ ವರ್ಷ ಮಳೇಲಿ ನನ್ನ ವ್ಯಾನ್ ಮಗುಚಿತ್ತು ಸಾರ್," ಎಂದ. "ಪಕ್ಕದಲ್ಲಿದ್ದ ಹುಡುಗನ ಕೈ ಮುರೀತು. ನಾನು ಬ್ರೇಕ್ ಮುಟ್ಟೇ ಇಲ್ಲ, ರಸ್ತೇದೇ ತಪ್ಪು ಅಂತ ಎಲ್ಲರ ಹತ್ರಾನೂ ಹೇಳಿದೆ. ನಾನೂ ಹಾಗೇ ನಂಬ್ಕೊಂಡಿದ್ದೆ. ಈಗ ನಿಮ್ಮ ಕಾಲು ನೋಡಿದೆ ನೋಡಿ… ಅವತ್ತು ನನ್ನ ಕಾಲೂ ಹೀಗೇ ಇತ್ತು."

ನಗು ನಿಂತುಹೋಯಿತು. ಇನ್ನೊಬ್ಬ ಡ್ರೈವರ್ ನೆಲ ನೋಡುತ್ತ, "ನಂದೂ ಅಷ್ಟೇ" ಎಂದ. ಮತ್ತೊಬ್ಬ ಹೌದೆಂದು ತಲೆಯಾಡಿಸಿದ.

ಮಧ್ಯಾಹ್ನವೆಲ್ಲ ಒಬ್ಬೊಬ್ಬರೇ ಕಾರು ಓಡಿಸಿದರು. ಪಕ್ಕದ ಸೀಟಿನಲ್ಲಿ ಮೇಷ್ಟ್ರು. "ಕಾಲು ಎತ್ತಿ! ಜಾರಿದ ಕಡೆಗೇ ತಿರುಗಿಸಿ! ಕೋನ್ ನೋಡಬೇಡಿ, ದಾರಿ ನೋಡಿ!" ಎಂದು ಗಂಟಲು ಹರಿಯುವಂತೆ ಕೂಗಿದರು. ಕೂಗುವುದರಲ್ಲಿ ಅವರಿಗೆ ಸಮನಿಲ್ಲ. ಹನ್ನೆರಡು ಜನರಲ್ಲಿ ಒಬ್ಬನೂ ಒಂದು ಕೋನನ್ನೂ ಮುಟ್ಟಲಿಲ್ಲ. ದೊಡ್ಡಣ್ಣನಂತೂ ಕಾರನ್ನು ಎಮ್ಮೆಯ ಮೂಗುದಾರ ಹಿಡಿದಂತೆ ನಾಲ್ಕು ಸಲ ಜಾರಿಸಿ ನಾಲ್ಕು ಸಲವೂ ನೆಟ್ಟಗೆ ಮಾಡಿದ.

ನಾಲ್ಕು ಗಂಟೆಗೆ ಆಫೀಸಿನಿಂದ ಕರೆ ಬಂತು. ಮ್ಯಾನೇಜರು ಪಂಪಿನವನ ನೀಲಿ ಸಮವಸ್ತ್ರದಲ್ಲಿ ಕುಳಿತಿದ್ದರು. ಮೇಡಂ ಎದುರಿಗೆ. ಕೆಲಸ ಹೋಗುವುದಂತೂ ಖಂಡಿತ, ಮರ್ಯಾದೆಯನ್ನಾದರೂ ಉಳಿಸಿಕೊಳ್ಳೋಣ ಎಂದು ಮೇಷ್ಟ್ರು ತಾವೇ ಶುರುಮಾಡಿದರು.

"ಮೇಡಂ, ನಿಜ ಹೇಳಿಬಿಡ್ತೀನಿ. ಬೆಳಿಗ್ಗೆ ನಾನು ಮಾಡಿದ್ದು ಪಾಠ ಅಲ್ಲ. ನನಗೆ ಡ್ರೈವಿಂಗ್ ಬರಲ್ಲ."

ಮೇಡಂ ಪೆನ್ನು ಕೆಳಗಿಟ್ಟರು. "ಸ್ವಲ್ಪಾನೂ?"

"ಮುಂದಕ್ಕೆ ಹೋಗೋದು ಬರುತ್ತೆ. ನಿಲ್ಸೋದು, ಗೋಡೆ ಇದ್ರೆ ಬರುತ್ತೆ."

ಮ್ಯಾನೇಜರು ತಲೆಯ ಮೇಲೆ ಕೈ ಹೊತ್ತರು. ಮೇಡಂ ಮುಖ ಮಾತ್ರ ಅರಳಿತು. "ಅಯ್ಯೋ, ನಾನು ನಟನೆ ಅಂದ್ಕೊಂಡಿದ್ದೆ! ನಟನೆ ಆಗಿದ್ರೆ ನಾಲ್ಕು ದಿನಕ್ಕೆ ಸಪ್ಪೆ ಆಗಿಬಿಡ್ತಿತ್ತು. ನೋಡಿ, ಈ ಡ್ರೈವರ್‌ಗಳಿಗೆ ಸರಿಯಾಗಿ ಮಾಡೋದನ್ನ ಎಷ್ಟೋ ಜನ ತೋರಿಸಿದಾರೆ. ನಮಗೆಲ್ಲ ಗೊತ್ತು ಅಂತ ಆಕಳಿಸ್ತಾ ಕೂತಿರ್ತಾರೆ. ಇವತ್ತು ಮೊದಲನೇ ಸಲ ತಮ್ಮ ತಪ್ಪನ್ನ ತಾವೇ ಹೊರಗೆ ನಿಂತು ನೋಡಿದ್ರು. ಇನ್ನು ನಮ್ಮ ಎಲ್ಲಾ ಬ್ಯಾಚೂ ಇಲ್ಲೇ. ಪ್ರತಿ ಬ್ಯಾಚಿಗೂ ಇವರೇ ಬೇಕು. ಒಂದೇ ಒಂದು ಷರತ್ತು."

"ಹೇಳಿ ಮೇಡಂ, ಏನು ಬೇಕಾದ್ರೂ!" ಮ್ಯಾನೇಜರು ಕುರ್ಚಿಯಿಂದ ಅರ್ಧ ಎದ್ದರು.

"ಈ ಮೇಷ್ಟ್ರು ಯಾವ ಕಾರಣಕ್ಕೂ ಡ್ರೈವಿಂಗ್ ಕಲೀಕೂಡದು."

"ಕಲಿಯಲ್ಲ! ನಾನು ಜವಾಬ್ದಾರಿ!"

"ಸಾರ್," ಎಂದರು ಮೇಷ್ಟ್ರು ಕ್ಷೀಣವಾಗಿ, "ನನ್ನ ಬೋರ್ಡು?"

"ಗಿರಕಿ ಮೇಷ್ಟ್ರು ನೋಡ್ಕೋತಾರೆ. ಸೊಂಟಕ್ಕೂ ಒಳ್ಳೇದು, ಫ್ಯಾನೂ ಇದೆ."

"ಮತ್ತೆ ಸರಿಯಾದ್ದನ್ನ ಯಾರು ತೋರಿಸ್ತಾರೆ?"

"ಸರಿಯಾಗಿ ಓಡಿಸೋರು ಬೀದೀಗೊಬ್ಬರು ಸಿಗ್ತಾರೆ ಮೇಷ್ಟ್ರೇ. ನಿಮ್ಮಂಥವರು ಎಲ್ಲಿ ಸಿಗ್ತಾರೆ?"

ಇಷ್ಟು ವರ್ಷಗಳಲ್ಲಿ ಮ್ಯಾನೇಜರು ಅವರನ್ನು ಹೊಗಳಿದ್ದು ಅದೇ ಮೊದಲು.

"ಬಿಸಿಲು ಇಳಿಯೋ ಮೊದಲು ಒಂದ್ಸಲ ಮಾಡ್ಬಿಡಿ," ಎಂದರು ಮೇಡಂ, ಫೋನು ತೆಗೆಯುತ್ತ. "ವಿಡಿಯೋ ಮಾಡ್ಕೋತೀನಿ. ನಮ್ಮ ಮೇಲಿನವರಿಗೆ ತೋರಿಸ್ಬೇಕು."

ಮೇಷ್ಟ್ರು ಮತ್ತೆ ಕಾರು ಹತ್ತಿದರು. ಈ ಸಲ ವೈಪರ್ ಹಾಕದೆ ಸ್ಟಾರ್ಟ್ ಮಾಡಿದರು. ಕೆಡಿಸುವುದರಲ್ಲಿ ಭಯವೇನು? ಎರಡು ಕಾಲಲ್ಲಿ ಬ್ರೇಕು, ತಪ್ಪು ಕಡೆಗೆ ಸ್ಟಿಯರಿಂಗು, ಕಣ್ಣು ಕೋನಿನ ಮೇಲೆ. ಮನಸ್ಸಿನಲ್ಲೇ ಮೂರು ಸಲ ಹೇಳಿಕೊಂಡು ಗೆರೆ ದಾಟಿ ಹ್ಯಾಂಡ್‌ಬ್ರೇಕ್ ಎಳೆದರು. ಕಾರಿನ ಹಿಂಭಾಗ ಎಡಕ್ಕೆ ಜಾರಿತು.

ಆದರೆ ಮಧ್ಯಾಹ್ನವೆಲ್ಲ ಹನ್ನೆರಡು ಜನರಿಗೆ ಕೂಗಿ ಕೂಗಿ ಹೇಳಿದ್ದನ್ನು ಅವರ ಕಾಲು ಕದ್ದು ಕೇಳಿಸಿಕೊಂಡಿತ್ತು. ಅದು ಬ್ರೇಕಿನ ಹತ್ತಿರಕ್ಕೂ ಹೋಗಲಿಲ್ಲ. ಕೈಗಳು ಅವರನ್ನೊಂದು ಮಾತೂ ಕೇಳದೆ ಎಡಕ್ಕೆ ತಿರುಗಿದವು. ಕಣ್ಣು ದೂರದ ದಾರಿಯ ಮೇಲೆ ನಿಂತಿತು. ಕಾರು ಒಮ್ಮೆ ಮೈಮುರಿದು, ನೆಟ್ಟಗಾಗಿ, ಕೋನುಗಳ ನಡುವೆ ಬೆಣ್ಣೆಯಲ್ಲಿ ಚಾಕು ಹೋದಂತೆ ಹಾದು, ಕೊನೆಯ ಗೆರೆಯ ಮೇಲೆ ಮೆತ್ತಗೆ ನಿಂತಿತು.

ಆ ಒಂದು ಗಳಿಗೆ ಮೇಷ್ಟ್ರಿಗೆ ಕಿವಿ ಕೇಳಿಸಲಿಲ್ಲ. ಹನ್ನೊಂದು ವರ್ಷ ಅವರು ಹೇಳುತ್ತ ಬಂದದ್ದೆಲ್ಲ ನಿಜವೇ ಆಗಿತ್ತು. ಅವರ ಕಣ್ಣು ತುಂಬಿ ಬಂತು. ಡ್ರೈವರುಗಳು ಶಿಳ್ಳೆ ಹೊಡೆದರು, ದೊಡ್ಡಣ್ಣ ಎರಡೂ ಕೈ ಎತ್ತಿ ಕುಣಿದ.

ಮೇಡಂ ಫೋನು ಕೆಳಗಿಳಿಸಿದರು. ಮ್ಯಾನೇಜರರ ಮುಖ ಕೆಂಪೇರಿತು.

"ಏನ್ರೀ ಇದು ಅಶಿಸ್ತು?" ಎಂದು ಗುಡುಗಿದರು. "ಮೇಡಂ ಮುಂದೇನೇ ಕಾರ್ ನೆಟ್ಟಗೆ ಓಡಿಸ್ತೀರಾ?"

"ಸಾರ್, ನಾನಲ್ಲ, ಕಾಲು…"

"ಒಂದೇ ದಿನಕ್ಕೆ ಕಲ್ತುಬಿಟ್ರಲ್ರೀ! ಕೇಂದ್ರದ ಗತಿ ಏನು?"

ಮೇಡಂ ಉದಾರಿ. ಒಂದು ವಾರ ಗಡುವು ಕೊಟ್ಟರು. ಅಷ್ಟರಲ್ಲಿ ಮೇಷ್ಟ್ರು ಕಲಿತದ್ದನ್ನು ಮರೆತರೆ ಸರಿ, ಇಲ್ಲದಿದ್ದರೆ ಬೇರೆ ಕೇಂದ್ರ ನೋಡುತ್ತೇವೆ ಎಂದರು. ಐದೂವರೆಗೆ ಬಸ್ಸು ಹತ್ತುವಾಗ ಮೇಷ್ಟ್ರ ಕೈಯಲ್ಲಿ ಒಂದು ಟೈಪಾದ ನೋಟಿಸು ಇತ್ತು.

"ತಾವು ಕೇಂದ್ರದ ಕಾರನ್ನು ಜಾರುವ ನೆಲದ ಮೇಲೆ, ಮೇಲಧಿಕಾರಿಗಳ ಸಮಕ್ಷಮದಲ್ಲಿ, ಸಂಪೂರ್ಣ ಹತೋಟಿಯಲ್ಲಿ ಇಟ್ಟುಕೊಂಡಿರುವುದು ಕಂಡುಬಂದಿದ್ದು, ತಮ್ಮ ಮೇಲೆ ಏಕೆ ಕ್ರಮ ಜರುಗಿಸಬಾರದು ಎಂಬುದಕ್ಕೆ ಮೂರು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು."

ಮೇಷ್ಟ್ರು ಕಿಟಕಿ ಪಕ್ಕದ ಸೀಟು ಹಿಡಿದು, ನೋಟಿಸನ್ನು ಮಗುಚಿ, ಮಂಡಿಯ ಮೇಲಿಟ್ಟು ಬರೆಯತೊಡಗಿದರು: "ಮಾನ್ಯರೇ, ನನ್ನಿಂದ ಕೈತಪ್ಪಿ ಆದ ಸರಿಗಾಗಿ ವಿಷಾದಿಸುತ್ತೇನೆ…"