ಮೂರು ಕಿಲೋದ ರೈಫಲ್

ಯಾಸ್ಮೀನ ಬರೆದ ಅರ್ಜಿಯಲ್ಲಿ ‘ಹಗುರವಾದ’ ಎಂಬ ಶಬ್ದ ಇರದಿದ್ದರೆ ಆ ಬುಧವಾರವೂ ಉಳಿದ ಬುಧವಾರಗಳಂತೆ ತಣ್ಣಗೆ ಕಳೆದುಹೋಗುತ್ತಿತ್ತು.

ಅಮೀನಗಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಆಕೆ ಪಿ.ಟಿ. ಟೀಚರು. ಎತ್ತರ ನಾಲ್ಕು ಅಡಿ ಹತ್ತು ಇಂಚು. ಪ್ರಾರ್ಥನೆಯ ಹೊತ್ತಿಗೆ ಹತ್ತನೆಯ ತರಗತಿಯ ಸಾಲಿನ ಹಿಂದೆ ನಿಂತರೆ ಆಕೆಯ ಸೀಟಿಯ ಸದ್ದು ಮಾತ್ರ ಕೇಳುತ್ತಿತ್ತು, ಆಕೆ ಕಾಣುತ್ತಿರಲಿಲ್ಲ. ಊರಿನ ವ್ಯಾಪಾರಿ ದೇವಪ್ಪನವರು ಶಾಲೆಗೊಂದು ಏರ್ ರೈಫಲ್ ಕೊಡಿಸಲು ಒಪ್ಪಿದ್ದರು. ಎಂತಹದು ಬೇಕೆಂದು ಬರೆದುಕೊಡಿ ಎಂದಾಗ ಯಾಸ್ಮೀನ ‘ಹಗುರವಾದ ರೈಫಲ್’ ಎಂದು ಬರೆದುಕೊಟ್ಟಳು. ಹೆಡ್‌ಮಾಸ್ತರ ವಿಜಯಮಹಾಂತೇಶ ಅವರು ಅದನ್ನು ಓದಿ, ಕನ್ನಡಕ ತೆಗೆದು, ಆಕೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅದಕ್ಕೆ ಬಹಳ ಹೊತ್ತು ಹಿಡಿಯಲಿಲ್ಲ.

“ನಿಮಗ ಎತ್ತಾಕ ಆಗೂದಿಲ್ಲಂದ್ರ ಅಂದಪ್ಪ ಮಾಸ್ತರು ಎತ್ತತಾರ ಬಿಡ್ರಿ. ದಾನಿಗಳು ಕೊಡಸೂದು ರೈಫಲ್ ಕಂಡಂಗರ ಕಾಣಬೇಕಲ್ಲ,” ಎಂದರು.

ಯಾಸ್ಮೀನಳ ಕಿವಿಯ ತುದಿ ಬಿಸಿಯಾಯಿತು. ರೈಫಲ್ ತನಗಲ್ಲ, ಎಂಟನೆಯ ತರಗತಿಯ ರೋಹಿಣಿಗೆ ಎಂದು ವಿವರಿಸಿದಳು. ಬಾಗಲಕೋಟೆಯ ಶಿಬಿರದಲ್ಲಿ ಆ ಹುಡುಗಿ ನಳಿಕೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಹೊಡೆದ ಹತ್ತು ಗುಂಡುಗಳಲ್ಲಿ ಒಂಬತ್ತು ಕರಿ ವೃತ್ತದೊಳಗೇ ಬಿದ್ದಿದ್ದವು. ಆದರೆ ಭಾನುವಾರದ ಸ್ಪರ್ಧೆಯಲ್ಲಿ ಸ್ಟ್ಯಾಂಡ್ ಇರುವುದಿಲ್ಲ. ಕೈಯಲ್ಲೇ ಎತ್ತಿ ಹಿಡಿಯಬೇಕು. ಹುಡುಗಿಯ ತೂಕ ಮೂವತ್ತೆರಡು ಕಿಲೋ. ಐದು ಕಿಲೋದ ರೈಫಲ್ ಕೊಟ್ಟರೆ ಹುಡುಗಿ ರೈಫಲ್ ಹಿಡಿಯುತ್ತಾಳೋ, ರೈಫಲ್ ಹುಡುಗಿಯನ್ನು ಹಿಡಿಯುತ್ತದೋ? ದರ್ಜಿಯ ಟೇಪು ಹಿಡಿದು ರೋಹಿಣಿಯ ತೋಳು, ಭುಜ, ಕುತ್ತಿಗೆ, ಬೆರಳು ಎಲ್ಲವನ್ನೂ ಅಳೆದು ಬರೆದಿಟ್ಟ ಚೀಟಿಯನ್ನು ಮೇಜಿನ ಮೇಲಿಟ್ಟಳು. ಹೆಡ್‌ಮಾಸ್ತರರು ಚೀಟಿಯನ್ನು ನೋಡಿ, ಇದು ಜಂಪರಿನ ಅಳತೆಯೇ ಎಂದು ಕೇಳಿದರು. ಕೊನೆಗೆ ಬಾಗಲಕೋಟೆಗೆ ಹೋಗಿ ತಾನೇ ಆರಿಸಿ ತರಲು ಒಪ್ಪಿಗೆ ಸಿಕ್ಕಿತು, ಆದರೆ ಬಂದೂಕಿನ ವ್ಯವಹಾರಕ್ಕೆ ಗಂಡಸರೊಬ್ಬರು ಜೊತೆಗಿರಲಿ ಎಂದು ಚಿತ್ರಕಲೆಯ ಅಂದಪ್ಪ ಮಾಸ್ತರರನ್ನೂ ಕಳಿಸಿದರು.

ಅಂದಪ್ಪ ಮಾಸ್ತರರ ತೂಕ ತೊಂಬತ್ತು ಕಿಲೋ. ಅವರ ಅಜ್ಜನ ಬಳಿ ಹಂದಿ ಹೊಡೆಯುವ ಬಂದೂಕೊಂದು ಇತ್ತಂತೆ. ಆ ಕಾರಣಕ್ಕೆ ಬಂದೂಕಿನ ವಿದ್ಯೆ ತಮ್ಮ ರಕ್ತದಲ್ಲೇ ಇದೆ ಎಂದು ಅವರ ನಂಬಿಕೆ. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ಒಂದೂಮುಕ್ಕಾಲು ಪಾಲು ಆಕ್ರಮಿಸಿ, ನಾವು ರೈಫಲ್ ತರಲು ಹೊರಟಿದ್ದೇವೆ ಎಂದು ಕಂಡಕ್ಟರನಿಗೆ ಹೇಳಿದರು. ಬಾಗಲಕೋಟೆ ಬರುವಷ್ಟರಲ್ಲಿ ಅರ್ಧ ಬಸ್ಸು ಸಲಹೆ ಕೊಟ್ಟಾಗಿತ್ತು. ಹಿಂದಿನ ಸೀಟಿನ ಮುದುಕಿಯೊಬ್ಬಳು ಯಾಸ್ಮೀನಳ ಭುಜ ತಟ್ಟಿ, ನಿನಗ್ಯಾಕವ್ವ ಈ ಉಸಾಬರಿ, ಮೊದಲು ಎರಡು ಹೊತ್ತು ಹೊಟ್ಟೆತುಂಬ ಉಣ್ಣು ಎಂದಳು. ಯಾಸ್ಮೀನ ಕಿಟಕಿಯ ಹೊರಗೆ ನೋಡುತ್ತ ಹಲ್ಲು ಕಚ್ಚಿದಳು.

ಆಟದ ಸಾಮಾನಿನ ಅಂಗಡಿ ಅಲ್ಲಿಯ ನವನಗರದಲ್ಲಿತ್ತು. ಮಾಲಿಕ ಜಹಾಂಗೀರ ಮೆತ್ತಗಿನ ಮಾತಿನ ಮನುಷ್ಯ. ಅರ್ಜಿಯನ್ನು ಯಾಸ್ಮೀನಳಿಂದ ಇಸಿದುಕೊಂಡ, ಓದಿದ, ಮೊದಲ ರೈಫಲನ್ನು ತೆಗೆದು ಅಂದಪ್ಪ ಮಾಸ್ತರರ ಕೈಗೆ ಕೊಟ್ಟ.

ಮಾಸ್ತರರು ಅದನ್ನು ಭುಜಕ್ಕೇರಿಸಿ, ಒಂದು ಕಣ್ಣು ಮುಚ್ಚಿ, ಗರ್ರನೆ ತಿರುಗಿದರು. ನಳಿಕೆ ತಗುಲಿ ತೂಗುಹಾಕಿದ್ದ ಬ್ಯಾಡ್ಮಿಂಟನ್ ರ್‍ಯಾಕೆಟ್ಟುಗಳು ಮಾಗಿದ ಹುಣಸೆಹಣ್ಣಿನಂತೆ ಉದುರಿದವು.

“ಇದ ನೋಡ್ರಿ ಮಾಲು. ಕೈಯಾಗ ಹಿಡದ್ರ ಹಿಡದಂಗ ಅನಸತೈತಿ,” ಎಂದರು.

ಯಾಸ್ಮೀನ ರ್‍ಯಾಕೆಟ್ಟುಗಳನ್ನು ಆರಿಸುತ್ತ, ಅದು ನಾಲ್ಕೂಮುಕ್ಕಾಲು ಕಿಲೋ ಇದೆ, ಹಗುರಾದದ್ದು ಕೊಡಿ ಎಂದಳು. ಜಹಾಂಗೀರ ಎರಡನೆಯದನ್ನು ತೆಗೆದ. ಅದನ್ನೂ ಮಾಸ್ತರರ ಕೈಗೇ ಕೊಟ್ಟ. ಆಕೆ ಅದನ್ನು ಕಸಿದುಕೊಂಡಳು. ಹಗುರಾಗಿತ್ತು, ಆದರೆ ಉದ್ದ. ಭುಜಕ್ಕೆ ಆನಿಸುವ ತುದಿಯನ್ನು ಮೊಣಕೈ ಮಡಿಕೆಯಲ್ಲಿಟ್ಟರೆ ಬೆರಳು ಟ್ರಿಗರಿಗೆ ಮುಟ್ಟಬೇಕು. ಮುಟ್ಟದಿದ್ದರೆ ಚಿಕ್ಕ ಹುಡುಗಿ ಸೊಂಟ ಹಿಂದಕ್ಕೆ ಬಾಗಿಸಿ ಕೊಡ ಹೊತ್ತವಳಂತೆ ನಿಲ್ಲಬೇಕಾಗುತ್ತದೆ. ಭಾರವೆಲ್ಲ ನಳಿಕೆಯ ಮುಂದಿದ್ದರೆ ಹಗುರಾಗಿಯೂ ಉಪಯೋಗವಿಲ್ಲ. ಇದನ್ನೆಲ್ಲ ಆಕೆ ಜಹಾಂಗೀರನಿಗೆ ಹೇಳಿದಳು. ಆತ ಎಲ್ಲವನ್ನೂ ಕೇಳಿ, ಅಂದಪ್ಪ ಮಾಸ್ತರರ ಕಡೆ ತಿರುಗಿ, ಮೇಡಮ್ಮರು ಹೇಳುವುದು ಖರೆಯೇ ಎಂದು ಕೇಳಿದ. ಮಾಸ್ತರರು ಸ್ವಲ್ಪ ಯೋಚಿಸಿ, ಇರಬಹುದು ಎಂದರು.

ಮೂರನೆಯದು ಗುಲಾಬಿ ಬಣ್ಣದ್ದು. ಲೇಡೀಸ್ ಮಾಡೆಲ್ ಎಂದ ಜಹಾಂಗೀರ. ಕುದುರೆಯೇರುವ ಮದುಮಗನ ಕೈಗೆ ಕೊಡುವ ತೋರಿಕೆಯ ಕತ್ತಿಯಷ್ಟೇ ಗಟ್ಟಿಯಾಗಿತ್ತು.

ಯಾಸ್ಮೀನಳ ತಾಳ್ಮೆ ಅಲ್ಲಿಗೆ ಮುಗಿಯಿತು.

“ಮುಂಜಾನಿಂದ ನೋಡಾಕತ್ತೇನಿ,” ಎಂದಳು. “ಸಣ್ಣಾಕಿ ಅಂದ್ರ ಯಾರೂ ಮಾತು ಕೇಳೂದಿಲ್ಲ. ಮೈ ನೋಡಿ ಅಳೀತೀರಿ. ನನ್ನ ಹುಡುಗಿ ಸಣ್ಣಾಕಿ ಅದಾಳ, ಆದ್ರ ಆಟಿಗಿ ಸಾಮಾನ ಹಿಡಿಯಾಕಿ ಅಲ್ಲ. ಆಕಿಗೆ ಏನ್ ಬೇಕಂತ ನನಗ ಗೊತ್ತೈತಿ. ಗೋಡೌನ್ಯಾಗ ಹುಡುಕ್ರಿ, ಇಲ್ಲಾಂದ್ರ ನಾನ ಹುಡುಕತೇನಿ.”

ಅಂಗಡಿಯಲ್ಲಿ ಫುಟ್‌ಬಾಲಿಗೆ ಗಾಳಿ ಹೊಡೆಯುತ್ತಿದ್ದವನೂ ಪಂಪು ನಿಲ್ಲಿಸಿದ. ಜಹಾಂಗೀರ ಒಳಗೆ ಹೋಗಿ ಅರ್ಧ ತಾಸಿನ ಮೇಲೆ ಧೂಳು ಹಿಡಿದ ಪೆಟ್ಟಿಗೆಯೊಂದನ್ನು ತಂದ. ಬರೋಬ್ಬರಿ ಮೂರು ಕಿಲೋ. ಹಿಂಬದಿಯ ಪಟ್ಟಿಗಳನ್ನು ಒಂದೊಂದಾಗಿ ತೆಗೆದು ಗಿಡ್ಡ ಮಾಡಬಹುದಿತ್ತು. ಯಾಸ್ಮೀನ ಚೀಟಿ ಬಿಚ್ಚಿ, ಟೇಪು ಹಿಡಿದು ಅಳೆದಳು. ರೋಹಿಣಿಗೆಂದೇ ಹೇಳಿ ಮಾಡಿಸಿದಂತಿತ್ತು. ತಿರುಗಿ ಬರುವಾಗ ಬಸ್ಸಿನಲ್ಲಿ ಆಕೆ ಕಾಲು ಸೀಟಿನಲ್ಲೇ ಕುಳಿತರೂ ಪೆಟ್ಟಿಗೆಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ನಾಲ್ಕೂವರೆಗೆ ಶಾಲೆಯ ಹಿಂದಿನ ಬಯಲಿನಲ್ಲಿ ಗುರಿಯ ಹಾಳೆ ನಿಂತಿತು. ರೋಹಿಣಿ ಬಂದಳು, ಎರಡು ಜಡೆ, ಕಡ್ಡಿಯಂತಹ ಕಾಲು. ರೈಫಲ್ ಎತ್ತಿ ಹೊಡೆದಳು. ಮೊದಲ ಗುಂಡು ಹಾಳೆಯ ಅಂಚಿಗೆ ಬಿತ್ತು. ಎರಡನೆಯದು ಹಾಳೆಗೇ ಬೀಳಲಿಲ್ಲ. ಆರನೆಯದು ಎಲ್ಲಿ ಹೋಯಿತೆಂದು ಯಾರಿಗೂ ತಿಳಿಯಲಿಲ್ಲ. ಹೆಡ್‌ಮಾಸ್ತರರು ಎರಡು ಹೆಜ್ಜೆ ಹಿಂದೆ ಸರಿದರು.

“ಏನಾತವ್ವ?” ಎಂದಳು ಯಾಸ್ಮೀನ.

“ಇದು ನಿಂದ್ರವಲ್ದರಿ ಅಕ್ಕೋರ. ಭಾಳ ಹಗರ ಐತಿ. ಉಸರು ಬಿಟ್ರ ಸೈತ ಹಾರಾಡತೈತಿ.”

ಯಾಸ್ಮೀನ ನಂಬಲಿಲ್ಲ. ರೋಹಿಣಿ ಸುತ್ತ ನೋಡಿ, ಕಟ್ಟೆಯ ಮೇಲಿದ್ದ ನಾಲ್ಕು ಕಿಲೋದ ಶಾಟ್‌ಪುಟ್ ಗುಂಡನ್ನು ಎತ್ತಿಕೊಂಡು, ಕೈಯನ್ನು ಭುಜದ ಮಟ್ಟಕ್ಕೆ ನೀಟಾಗಿ ಚಾಚಿ ನಿಂತಳು. ಎಲ್ಲರೂ ನೋಡಿದರು. ಕೈ ಅಲುಗಲಿಲ್ಲ. ಆಕೆಯ ಮನೆಯಲ್ಲಿ ಮಾರಾಟಕ್ಕೆ ಕರದಂಟಿನ ಮಿಠಾಯಿ ಮಾಡುತ್ತಾರಂತೆ. ಬೆಲ್ಲದ ಪಾಕಕ್ಕೆ ಅಂಟು, ಉತ್ತತ್ತಿ ಬಿದ್ದಮೇಲೆ ಸೌಟು ತಿರುಗಿಸುವುದು ಗಂಡಾಳಿಗೂ ಕಷ್ಟ. ಎರಡು ವರ್ಷದಿಂದ ದಿನಾ ಮುಂಜಾನೆ ಶಾಲೆಗೆ ಬರುವ ಮೊದಲು ಆ ಸೌಟು ತಿರುಗಿಸುವವಳು ರೋಹಿಣಿಯೇ.

“ಮೊದಲ ಯಾಕ ಹೇಳಲಿಲ್ಲ?” ಯಾಸ್ಮೀನಳ ದನಿ ಸಣ್ಣದಾಗಿತ್ತು.

“ನೀವು ಕೇಳಲಿಲ್ಲರಿ. ಟೇಪ್ ಹಿಡದು ಅಳತಿ ಅಷ್ಟ ತಗೊಂಡ್ರಿ.” ಹುಡುಗಿಯ ಮುಖದಲ್ಲೂ ಸಿಟ್ಟಿತ್ತು. “ಸಣ್ಣಾಕಿ ಅದೇನಂತ ಎಲ್ಲಾರೂ ತಾವ ತಿಳಕೊಂಡಬಿಡತಾರ.”

ದಿನವಿಡೀ ಯಾಸ್ಮೀನಳಿಗೆ ಸಿಟ್ಟು ಮಾಡಲು ಯಾರಾದರೊಬ್ಬರು ಸಿಕ್ಕಿದ್ದರು. ಈಗ ಸುತ್ತ ನೋಡಿದರೆ ಒಬ್ಬರೂ ಉಳಿದಿರಲಿಲ್ಲ.

ಆಕೆ ಆಫೀಸಿಗೆ ಹೋಗಿ ಜಹಾಂಗೀರನಿಗೆ ಫೋನು ಮಾಡಿದಳು. ತನ್ನದೇ ತಪ್ಪಾಯಿತು, ಹಗುರಾದದ್ದನ್ನು ಬದಲಿಸಿಕೊಡಿ ಎಂದಳು. ಆತ ನಗಲಿಲ್ಲ, ಅದೇ ಆಕೆಗೆ ಹೆಚ್ಚು ಚುಚ್ಚಿತು. ನಾಳೆ ತನ್ನಿ, ಭಾರವಾದದ್ದು ಒಯ್ಯಿರಿ, ಒಂದು ಗೀರೂ ಬಿದ್ದಿರಬಾರದು ಅಷ್ಟೇ ಎಂದ.

ಹೊರಗೆ ಬಂದಳು. ಅಂದಪ್ಪ ಮಾಸ್ತರರು ಕಟ್ಟೆಯ ಮೇಲೆ ಕುಳಿತು, ನಾಲಿಗೆಯ ತುದಿ ಕಚ್ಚಿ, ಕುಂಚವನ್ನು ಡಬ್ಬಿಯಲ್ಲಿ ಅದ್ದುತ್ತಿದ್ದರು. ರೈಫಲಿನ ಹಿಂಬದಿಯ ಕಟ್ಟಿಗೆಯ ಮೇಲೆ ಹಳದಿ ಆಯಿಲ್ ಪೇಂಟಿನಲ್ಲಿ ‘ದಾನಿಗಳು: ಶ್ರೀ ದೇವಪ್ಪನವರು, ಅಮೀನಗಡ’ ಎಂದು ದುಂಡಗೆ ಬರೆದಾಗಿತ್ತು. ಈಗ ಕೊನೆಯಲ್ಲೊಂದು ಕಮಲದ ಹೂವು ಅರಳುತ್ತಿತ್ತು. ನಾಳೆ ದಾನಿಗಳು ನೋಡಲು ಬರುತ್ತಾರೆ, ಅಷ್ಟರೊಳಗೆ ಹೆಸರು ಬರೆಯಿರಿ ಎಂದು ಹೆಡ್‌ಮಾಸ್ತರರು ಹೇಳಿದ್ದರಂತೆ.

“ಇನ್ನೊಂದ ಮಗ್ಗಲಕ್ಕ ಇಂಗ್ಲಿಷ್‌ನ್ಯಾಗ ಬರೀಲ್ಯಾ?” ಎಂದು ಮಾಸ್ತರರು ಕೇಳಿದರು.

ಯಾಸ್ಮೀನ ಬಣ್ಣದ ಡಬ್ಬಿಯನ್ನು ಮಾಸ್ತರರಿಂದ ದೂರ ಸರಿಸಿದಳು. ಇನ್ನು ಇದನ್ನು ಜಹಾಂಗೀರ ತಿರುಗಿ ತೆಗೆದುಕೊಳ್ಳುವಂತಿರಲಿಲ್ಲ.

ರೋಹಿಣಿ ಒಂದು ಗಳಿಗೆ ನಿಂತು ನೋಡಿ, ಗೇಟು ದಾಟಿ ಓಡಿದಳು. ತಿರುಗಿ ಬಂದಾಗ ಎರಡೂ ಕೈಯಲ್ಲಿ ಮನೆಯ ತಕ್ಕಡಿಯ ಒಂದೊಂದು ಕಿಲೋದ ಕಲ್ಲುಗಳಿದ್ದವು. ಜಡೆಯ ರಿಬ್ಬನ್ನುಗಳನ್ನು ಬಿಚ್ಚಿ ಅವನ್ನು ನಳಿಕೆಯ ಕೆಳಗೆ, ಕೈ ಹಿಡಿಯುವ ಜಾಗದ ಮುಂದೆ ಬಿಗಿದಳು. ಹಳದಿ ಬಣ್ಣ ಗಲ್ಲಕ್ಕೆ ಹತ್ತುವುದನ್ನೂ ಲೆಕ್ಕಿಸದೆ ರೈಫಲ್ ಎತ್ತಿದಳು. ಹೊಡೆದ ಐದೂ ಗುಂಡು ಕರಿ ವೃತ್ತದೊಳಗೇ ಬಿದ್ದವು. ಹೆಡ್‌ಮಾಸ್ತರರು ಚಪ್ಪಾಳೆ ತಟ್ಟಿದರು. ತೂಕವಿದ್ದರೇನೇ ಬಂದೂಕು ಎಂದು ತಾವು ಅಂಗಡಿಯಲ್ಲೇ ಹೇಳಿದ್ದಾಗಿ ಅಂದಪ್ಪ ಮಾಸ್ತರರು ಎಲ್ಲರಿಗೂ ತಿಳಿಸಿದರು.

ಭಾನುವಾರದೊಳಗೆ ರಿಬ್ಬನ್ನಿನ ಬದಲು ಸರಿಯಾದ ತೂಕ ಕೂರಿಸುವವರನ್ನು ಹುಡುಕಬೇಕು ಎಂದುಕೊಳ್ಳುತ್ತ ಯಾಸ್ಮೀನ ರೈಫಲನ್ನು ಕಪಾಟಿನಲ್ಲಿಡಲು ಎತ್ತಿಕೊಂಡಳು. ಹತ್ತು ಹೆಜ್ಜೆ ಹೋಗುವುದರಲ್ಲಿ ತೋಳು ಜಗ್ಗಿತು. ಎರಡೂ ಕೈಯಲ್ಲಿ ಅಪ್ಪಿಕೊಂಡಳು. ಇನ್ನೂ ನಾಲ್ಕು ಹೆಜ್ಜೆಗೆ ನಿಂತುಬಿಟ್ಟಳು.

ಹಿಂದಿನಿಂದ ರೋಹಿಣಿ ಬಂದು ಕೈ ಚಾಚಿದಳು.

“ಕೊಡ್ರಿ ಅಕ್ಕೋರ, ನಾ ಒಯ್ತೇನಿ. ನಿಮಗ ಭಾರ ಆಗತೈತಿ.”